ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಧ್ವನಿಪಾಠಗಳು: ಕೇಳಿದವರ ಅಭಿಪ್ರಾಯ

ನಿತ್ಯಜೀವವನ್ನೂ ಹೊಸಹುಟ್ಟನ್ನೂ ಕುರಿತ ಈ ಧ್ವನಿಪಾಠಗಳನ್ನು ನಾನು ಎರಡು ಬಾರಿ ಕೇಳಿದ್ದೇನೆ. ರಾತ್ರಿಯಲ್ಲಿ ಯೇಸುವಿನ ಬಳಿಗೆ ಬಂದ ಯೆಹೂದ್ಯ ಮುಖಂಡ ನಿಕೊದೇಮನು, ಮತ್ತೆ ಹುಟ್ಟಬೇಕೆಂಬ ಆತನ ಮಾತು ಕೇಳಿ, ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಸೇರುವುದು ಹೇಗೆಂದು ಕೇಳುವ ಸಂದರ್ಭವನ್ನು ಬೋಧಕರು ಅವಸರವಿಲ್ಲದೆ ಬಿಡಿಸಿಟ್ಟಿದ್ದಾರೆ. ಮೂಲದ ‘ಅನೋಥೆನ್’ ಎಂಬ ಗ್ರೀಕ್ ಪದಕ್ಕೆ ‘ಮತ್ತೆ’ ಎಂಬ ಅರ್ಥವೂ ‘ಮೇಲಿನಿಂದ’ ಎಂಬ ಅರ್ಥವೂ ಇರುವುದರಿಂದ, ನಿಕೊದೇಮನು ಮೊದಲನೆಯದನ್ನಷ್ಟೇ ಹಿಡಿದು ತೊಡಕಿಗೆ ಸಿಕ್ಕಿದನೆಂಬ ವಿವರಣೆ ನನ್ನ ಬಹುಕಾಲದ ಗೊಂದಲವನ್ನು ನೀಗಿಸಿತು.

ನಿತ್ಯಜೀವವೆಂದರೆ ಸಾವಿನ ನಂತರದ ಕೊನೆಯಿಲ್ಲದ ಕಾಲ ಮಾತ್ರವಲ್ಲ, ದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ಆಗಿದೆ ಎಂಬುದನ್ನು ಅದೇ ಸುವಾರ್ತೆಯ ಹದಿನೇಳನೆಯ ಅಧ್ಯಾಯದ ಮೂರನೆಯ ವಚನದಿಂದ ತೋರಿಸಿರುವ ಪಾಠವೇ ಇವುಗಳಲ್ಲಿ ಶ್ರೇಷ್ಠವೆಂದು ನನ್ನ ಎಣಿಕೆ.

ಆದರೆ ‘ನೀರಿನಿಂದಲೂ ಆತ್ಮನಿಂದಲೂ’ ಹುಟ್ಟಬೇಕೆಂಬ ಮಾತಿನ ವಿವರಣೆ ತೀರಾ ಮೊಟಕಾಗಿದೆ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಇದನ್ನು ದೀಕ್ಷಾಸ್ನಾನಕ್ಕೆ ಅನ್ವಯಿಸಿದರೆ, ಪ್ರೊಟೆಸ್ಟೆಂಟ್ ಪರಂಪರೆಯ ಅನೇಕ ಇವ್ಯಾಂಜೆಲಿಕಲ್ ವಿಶ್ವಾಸಿಗಳು ವೈಯಕ್ತಿಕ ನಂಬಿಕೆಗೆ ಒತ್ತು ಕೊಡುತ್ತಾರೆ. ಈ ಭೇದವನ್ನು ಬೋಧಕರು ಮುಟ್ಟಿಯೇ ಇಲ್ಲ. ಯೇಸುವಿನ ಶವಸಂಸ್ಕಾರಕ್ಕೆ ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯಗಳನ್ನು ಹೊತ್ತು ತಂದವನು ಇದೇ ನಿಕೊದೇಮನೆಂದು ಕೊನೆಯ ಪಾಠದಲ್ಲಿ ಕೇಳಿದಾಗ ಮಾತ್ರ ನನ್ನ ಕಣ್ಣು ತುಂಬಿ ಬಂತು.