ಅಂಗಡಿ ಬಾಡಿಗೆ ಕರಾರು: ಸಿದ್ಧ ನಮೂನೆಯೋ, ನೋಂದಣಿಯೋ?

ಮೈಸೂರಿನಲ್ಲಿ ಅಂಗಡಿ ಹಿಡಿಯುವವರ ಗೊಂದಲ ಇದು: ಟೈಪಿಂಗ್ ಅಂಗಡಿಯ 11 ತಿಂಗಳ ಸಿದ್ಧ ನಮೂನೆ ಸಾಕೋ, ವಕೀಲರಿಂದ ಬರೆಸಿ ನೋಂದಾಯಿಸಿದ 3 ವರ್ಷದ ಕರಾರು ಬೇಕೋ?

ಖರ್ಚು, ಓಡಾಟ ಎರಡರಲ್ಲೂ ನಮೂನೆಯೇ ಹಗುರ. ತೊಡಕಿರುವುದು ಭಾಷೆಯಲ್ಲಿ. ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಎಂದಿರುತ್ತದೆ. ನೀರಿನ ಮೋಟಾರ್ ಸುಟ್ಟರೆ ಅದು ಸಣ್ಣದೋ ದೊಡ್ಡದೋ? ‘ಒಂದು ಸಲಕ್ಕೆ 2,000 ರೂಪಾಯಿವರೆಗೆ ಬಾಡಿಗೆದಾರರು, ಮೀರಿದರೆ ಪೂರ್ತಿ ಮಾಲೀಕರು’ ಎಂದು ತಿದ್ದಿಸಿ. ‘ಅಡ್ವಾನ್ಸ್ ವಾಪಸ್’ ಎಂದಷ್ಟೇ ಇದ್ದರೆ, ಬೀಗದ ಕೈ ಒಪ್ಪಿಸಿದ 7 ದಿನದೊಳಗೆ ಎಂದು ಸೇರಿಸಿ.

ಅವಧಿ ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ಮಾಡಿಸದಿದ್ದರೆ ಷರತ್ತು ಸಾಬೀತುಪಡಿಸಲು ಆ ಕಾಗದ ಕೋರ್ಟಿನಲ್ಲಿ ನಡೆಯದು.

ವ್ಯಾಪಾರ ಕುದುರೀತೋ ಎಂದು ನೋಡುವವರಿಗೆ ತಿದ್ದಿದ ನಮೂನೆ ಸಾಕು. ಫರ್ನಿಚರ್‌ಗೆ ಲಕ್ಷಗಟ್ಟಲೆ ಸುರಿಯುವವರು ನೋಂದಾಯಿಸಲಿ. ಬಾಡಿಗೆ ಏರಿಕೆಯ ದರವನ್ನೂ ಅಂಕಿ, ಅಕ್ಷರ ಎರಡರಲ್ಲೂ ಬರೆಸಲಿ.