ಪ್ರೊಬೇಷನ್ ಸೇವೆ: ಮನೆಗೆ ಬಂದ ನಾಲ್ಕು ತಿಂಗಳು, ಬಾರದ ಎಂಟು ತಿಂಗಳು

ಹದಿನಾರು ವರ್ಷದ ನನ್ನ ಸೋದರಳಿಯ ಬೈಕ್ ಕದ್ದದ್ದು ನಿಜವೆಂದು ತೀರ್ಮಾನವಾದಾಗ, ಬಾಲ ನ್ಯಾಯ ಮಂಡಳಿಯು ಅವನನ್ನು ವಿಶೇಷ ಗೃಹಕ್ಕೆ (ತಪ್ಪು ಮಾಡಿದ ಮಕ್ಕಳನ್ನಿಡುವ ಸಂಸ್ಥೆ) ಕಳುಹಿಸದೆ, ಸನ್ನಡತೆಯ ಆಧಾರದ ಮೇಲೆ ಒಂದು ವರ್ಷದ ಪ್ರೊಬೇಷನ್, ಅಂದರೆ ಅಧಿಕಾರಿಯ ನಿಗಾ, ವಿಧಿಸಿ ಮನೆಗೆ ಬಿಟ್ಟಿತು. ಹುಡುಗನಿಗೆ ತಂದೆಯಿಲ್ಲದ ಕಾರಣ ಮುಚ್ಚಳಿಕೆ ಬರೆದುಕೊಟ್ಟವನು ನಾನು. 2015ರ ಬಾಲ ನ್ಯಾಯ ಕಾಯ್ದೆಯು ಮಕ್ಕಳನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವಾಗಬೇಕೆನ್ನುತ್ತದೆ. 18ನೇ ಕಲಮಿನಂತೆ ಪ್ರೊಬೇಷನ್ 3 ವರ್ಷದವರೆಗೂ ಇರಬಹುದು, ಶಾಲೆ ಅಥವಾ ವೃತ್ತಿ ತರಬೇತಿಯ ಷರತ್ತನ್ನೂ ಸೇರಿಸಬಹುದು. ನಮಗಿದ್ದದ್ದು ಐಟಿಐ ತರಗತಿ ತಪ್ಪಿಸಬಾರದೆಂಬ ಷರತ್ತು.

ಮೊದಲು ಸಿಕ್ಕ ಪ್ರೊಬೇಷನ್ ಅಧಿಕಾರಿಯ ಕೆಲಸಕ್ಕೆ ಹೆಸರಿಡುವಂತಿಲ್ಲ. ಪೊಲೀಸರಿಂದ ನೆಂಟರವರೆಗೆ ಎಲ್ಲರೂ "ಯಾಕೋ ಕದ್ದೆ?" ಎಂದೇ ಕೇಳಿದ್ದರೆ, ಸಾಮಾಜಿಕ ತನಿಖಾ ವರದಿಗೆಂದು (ಹುಡುಗನ ಮನೆ, ಪರಿಸರದ ಬಗ್ಗೆ ಮಂಡಳಿಗೆ ಕೊಡುವ ವರದಿ) ಬಂದ ಆಕೆ ಜಗಲಿಯ ಮೇಲೆ ಕುಳಿತು ನನ್ನ ಅಕ್ಕನನ್ನು ಕೇಳಿದ್ದು, "ಇವನು ರಾತ್ರಿ ಊಟಕ್ಕೆ ಎಷ್ಟು ಗಂಟೆಗೆ ಬರ್ತಾನಮ್ಮ?" ಅಕ್ಕನ ಬಳಿ ಉತ್ತರವಿರಲಿಲ್ಲ. ಆದೇಶವಾದ ಮೇಲೆ ವಾರಕ್ಕೆರಡು ಸಲ, ಮುಂಚೆ ತಿಳಿಸದೆ, ಊಟದ ಹೊತ್ತಿಗೇ ಬರುತ್ತಿದ್ದರು (ತಟ್ಟೆ ಹಾಕಿದರೆ ಮಾತ್ರ ಒಮ್ಮೆಯೂ ಕೂರಲಿಲ್ಲ). ಐಟಿಐಗೆ ಹೋಗಿ ಹಾಜರಿ ಪುಸ್ತಕವನ್ನೂ ನೋಡುತ್ತಿದ್ದರು. ಎರಡನೆಯ ತಿಂಗಳಿನಿಂದ ಹುಡುಗ ಎಂಟು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದ.

ನಾಲ್ಕು ತಿಂಗಳಿಗೆ ಅವರಿಗೆ ವರ್ಗವಾಯಿತು. ಆಮೇಲೆ ಉಳಿದದ್ದು ತಿಂಗಳ ಮೊದಲ ಸೋಮವಾರ ಕಚೇರಿಯ ರಿಜಿಸ್ಟರಿಗೆ ಸಹಿ ಹಾಕುವುದಷ್ಟೇ. ಎರಡು ಬಸ್ಸು ಬದಲಿಸಿ, ಮಧ್ಯಾಹ್ನದವರೆಗೆ ಕಾದು ಸಹಿ ಹಾಕಿ ಬರುವಷ್ಟರಲ್ಲಿ ಅಂದಿನ ತರಗತಿಯೇ ತಪ್ಪುತ್ತಿತ್ತು. ಏಳನೆಯ ತಿಂಗಳಲ್ಲಿ ಹುಡುಗ ಎರಡು ವಾರ ಐಟಿಐ ಕಡೆ ತಲೆ ಹಾಕದಿದ್ದದ್ದು ಕಚೇರಿಗೆ ತಿಳಿಯಲೇ ಇಲ್ಲ. ರಿಜಿಸ್ಟರಿನಲ್ಲಿ ಸಹಿ ಸರಿಯಾಗಿಯೇ ಇತ್ತು. ಹೊಸ ಅಧಿಕಾರಿಯೊಬ್ಬರನ್ನೇ ದೂರುವುದೂ ನ್ಯಾಯವಲ್ಲ, ಅವರ ಮೇಜಿನ ಮೇಲಿನ ಕಡತಗಳ ರಾಶಿಯನ್ನು ನಾನೇ ಕಂಡಿದ್ದೇನೆ.

ಅಮೆರಿಕದ ಡೆಟ್ರಾಯಿಟ್ ನಗರವಿರುವ ವೇಯ್ನ್ ಕೌಂಟಿಯಲ್ಲಿ 1980ರ ದಶಕದಲ್ಲಿ, ಸಂಸ್ಥೆಗೆ ಹೋಗಬೇಕಿದ್ದ ಹುಡುಗರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಮನೆಯಲ್ಲೇ ಇರಿಸಿ, ತೀವ್ರ ನಿಗಾದ ಪ್ರಯೋಗ ಮಾಡಿದ್ದರು. ಎರಡು ವರ್ಷಗಳ ಬಳಿಕ ನೋಡಿದರೆ, ಮತ್ತೆ ತಪ್ಪು ಮಾಡುವುದರಲ್ಲಿ ಮನೆಯಲ್ಲಿದ್ದವರು, ಸಂಸ್ಥೆಗೆ ಹೋದವರು ಎಂಬ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮನೆಯಲ್ಲಿಟ್ಟವರ ಖರ್ಚು ಮಾತ್ರ ಸುಮಾರು ಮೂರನೇ ಒಂದು ಪಾಲಿಗೆ ಮುಗಿದಿತ್ತು. ಅಲ್ಲಿ ಒಬ್ಬ ಅಧಿಕಾರಿಯ ಪಾಲಿಗಿದ್ದವರು 6ರಿಂದ 10 ಹುಡುಗರು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರೂ ಆ ಮೊದಲ ನಾಲ್ಕು ತಿಂಗಳಿಗೇ ಸಲ್ಲಬೇಕು.