ಎಂಟು ಸೆಕೆಂಡು ಕೇಳೋಕೆ ಯಾವ ದಾರಿ?

ಅಮ್ಮ ವಾಕರ್ ಹಿಡಿದು ನಡೆಯಲು ಶುರು ಮಾಡಿದ ಮೇಲೆ ನಾನು ರಸ್ತೆಯನ್ನು ಸೆಕೆಂಡಿನಲ್ಲಿ ಅಳೆಯಲು ಕಲಿತೆ. ಮನೆ ಹತ್ತಿರದ ದೊಡ್ಡ ರಸ್ತೆ 14 ಮೀಟರ್ ಅಗಲ. ದಾಟುವವರಿಗೆ ಹಸಿರು ದೀಪ ಉರಿಯುವುದು 12 ಸೆಕೆಂಡು. ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನೆ ಅನ್ನುವುದು ಸಿಗ್ನಲ್ ಇಡುವವರು ಬಹಳ ಕಾಲ ಹಿಡಿದುಕೊಂಡು ಬಂದ ಲೆಕ್ಕ. ಆ ಲೆಕ್ಕದಲ್ಲಿ 12 ಸರಿ. ಅಮ್ಮನಿಗೆ 20 ಬೇಕು. ಮಧ್ಯ ರಸ್ತೆಯಲ್ಲಿ ದೀಪ ಕೆಂಪಾದರೆ ಅವರ ಕೈ ನಡುಗುತ್ತದೆ.

ಆ ಎಂಟು ಸೆಕೆಂಡು ಕೇಳಲು ನಾವು ಓಟು ಹಾಕಿದ ಪ್ರತಿನಿಧಿಯ ಹತ್ತಿರ ಹೋಗಬೇಕಿತ್ತು. ಹೇಗೆ ಹೋದರೆ ಕೇಳಿಸಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲ ದಾರಿಯನ್ನೂ ಒಂದೊಂದಾಗಿ ಹಿಡಿದೆ. ಎಂಟು ತಿಂಗಳಾಯಿತು. ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತೇನೆ.

ಮೊದಲು ಸಾಮಾಜಿಕ ಜಾಲತಾಣ. ಇದರಷ್ಟು ಬೇಗ ಉತ್ತರ ಬೇರೆ ಯಾವುದರಲ್ಲೂ ಬರಲಿಲ್ಲ. ವಿಡಿಯೋ ಹಾಕಿ 40 ನಿಮಿಷ ಆಗಿರಲಿಲ್ಲ, ಪ್ರತಿನಿಧಿಯ ಖಾತೆಯಿಂದ ಮಾತು ಬಂತು: “ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ. ಸಂಬಂಧಪಟ್ಟವರಿಗೆ ತಿಳಿಸಲಾಗಿದೆ.” ನನಗೆ ನಿಜವಾಗಿಯೂ ಖುಷಿಯಾಯಿತು. ಅಮ್ಮನಿಗೂ ಓದಿ ಹೇಳಿದೆ. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಅದೇ ಖಾತೆಯಲ್ಲಿ ಬೇರೆಯವರಿಗೆ ಬಂದ ಉತ್ತರಗಳನ್ನು ಓದುತ್ತಾ ಹೋದೆ. ಚರಂಡಿ ದೂರಿಗೂ, ಬೀದಿ ದೀಪದ ದೂರಿಗೂ ಇವೇ ಎರಡು ವಾಕ್ಯ. ಯಾರಿಗೆ ತಿಳಿಸಿದರು, ಯಾವಾಗ ತಿಳಿಸಿದರು ಎಂಬುದು ಒಂದರಲ್ಲೂ ಇಲ್ಲ. ಬೇಗ ಬಂದ ಉತ್ತರಕ್ಕೂ ಕೇಳಿಸಿಕೊಂಡು ಕೊಟ್ಟ ಉತ್ತರಕ್ಕೂ ಎಷ್ಟು ದೂರ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಸಹಿ ಸಂಗ್ರಹ. ಆನ್‌ಲೈನ್ ಮನವಿಗೆ 412 ಸಹಿ ಬಂದವು. ಪ್ರಿಂಟ್ ತೆಗೆದು ಕಚೇರಿಗೆ ಕೊಟ್ಟೆ. ಆಪ್ತ ಸಹಾಯಕರು ಹಾಳೆ ತಿರುವಿ ಒಂದೇ ಪ್ರಶ್ನೆ ಕೇಳಿದರು: “ಇದರಲ್ಲಿ ನಮ್ಮ ಕ್ಷೇತ್ರದವರು ಎಷ್ಟು ಜನ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಎಲ್ಲೋ ಇರುವ ಗೆಳೆಯರು, ಗೆಳೆಯರ ಗೆಳೆಯರು. ಆ ಪ್ರಶ್ನೆಯಲ್ಲಿ ತಪ್ಪಿಲ್ಲ ಅಲ್ವಾ? ಅವರು ಉತ್ತರ ಕೊಡಬೇಕಾದದ್ದು ತಮ್ಮ ಕ್ಷೇತ್ರದವರಿಗೆ.

ಸಹಿಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಸಹಿ ಬಂದಮೇಲೆ ಏನು ಮಾಡಬೇಕು ಎಂದು ನಿಯಮ ಇರುವ ಕಡೆ ಅದಕ್ಕೆ ತೂಕ ಬರುತ್ತದೆ. ಬ್ರಿಟನ್ ಸಂಸತ್ತಿನ ಆನ್‌ಲೈನ್ ಮನವಿಗೆ 10,000 ಸಹಿ ಬಿದ್ದರೆ ಸರ್ಕಾರ ಉತ್ತರ ಕೊಡುತ್ತದೆ. 1,00,000 ಆದರೆ ಚರ್ಚೆಗೆ ಪರಿಗಣಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಸಂಸತ್ತು ಮಾಡಿದ ಕಾನೂನಿನ ವಿರುದ್ಧ 100 ದಿನದೊಳಗೆ 50,000 ಸಹಿ ಸೇರಿದರೆ ಅದನ್ನು ಜನರ ಮತಕ್ಕೇ ಹಾಕಬೇಕು. ನಿಯಮ ಇಲ್ಲದ ಕಡೆ ಎಷ್ಟೇ ದೊಡ್ಡ ಸಂಖ್ಯೆಯನ್ನೂ ಪಕ್ಕಕ್ಕೆ ಸರಿಸಬಹುದು. 1842ರಲ್ಲಿ ಬ್ರಿಟನ್ನಿನ ಚಾರ್ಟಿಸ್ಟರು ಎಂಬ ಕಾರ್ಮಿಕ ಚಳವಳಿಯವರು ವಯಸ್ಕ ಗಂಡಸರಿಗೆಲ್ಲ ಮತದ ಹಕ್ಕು ಕೊಡಿ ಎಂದು 33 ಲಕ್ಷಕ್ಕೂ ಹೆಚ್ಚು ಸಹಿ ಹೊತ್ತು ತಂದರು. ಅವರ ಮಾತನ್ನು ಸದನದಲ್ಲಿ ಕೇಳೋಣ ಎನ್ನುವುದಕ್ಕೆ 49 ಮತ ಬಿದ್ದವು, ಬೇಡ ಎನ್ನುವುದಕ್ಕೆ 287. ಇದನ್ನು ಓದಿದಾಗ ನನ್ನ 412 ಸಹಿಯ ಬೇಸರ ಕಡಿಮೆಯಾಯಿತು.

ಫೋನ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮೂರು ಸಲ ಮಾಡಿದೆ. ಎತ್ತಿದವರು ಮರ್ಯಾದೆಯಿಂದ ಮಾತಾಡಿದರು, ಹೆಸರು ವಿಳಾಸ ಬರೆದುಕೊಂಡರು. ದಿನಾಂಕ ಗೊತ್ತುಮಾಡಿಕೊಳ್ಳಲು ಫೋನ್ ಒಳ್ಳೆಯದು, ವಿಷಯ ಹೇಳಲು ಅಲ್ಲ.

ಪತ್ರದಲ್ಲಿ ನಾನು ಎರಡು ಬಗೆ ಮಾಡಿ ನೋಡಿದೆ. ಮೊದಲನೆಯದು ಪಾದಚಾರಿಗಳ ಪರವಾಗಿ ಯಾರೋ ಮೊದಲೇ ಬರೆದಿಟ್ಟ ಇಮೇಲ್. ಕೆಳಗೆ ಹೆಸರು ಸೇರಿಸಿ ಕಳಿಸಿದರೆ ಸಾಕು. ಅದಕ್ಕೆ ಅಂಥದೇ ಸಿದ್ಧ ಉತ್ತರ ಬಂತು. ಎರಡನೆಯದನ್ನು ನಾನೇ ಕೂತು ಬರೆದೆ. ಒಂದೇ ಪುಟ. ರಸ್ತೆಯ ಅಗಲ, ದೀಪದ ಸಮಯ, ಅಮ್ಮ ದಾಟಲು ತೆಗೆದುಕೊಂಡ ಸಮಯ, ಏಳು ದಿನ ಅಳೆದದ್ದು. ಕೊನೆಯಲ್ಲಿ ಒಂದೇ ಪ್ರಶ್ನೆ: ಈ ಸಮಯ ಬದಲಿಸುವ ಅಧಿಕಾರ ಯಾರದು, ಅವರಿಗೆ ನೀವು ಬರೆಯುತ್ತೀರಾ? 17 ದಿನಕ್ಕೆ ಉತ್ತರ ಬಂತು. ಅದರಲ್ಲಿ ಕಡತದ ಸಂಖ್ಯೆ ಇತ್ತು, ನೋಡಿಕೊಳ್ಳುವ ಸಹಾಯಕರ ಹೆಸರಿತ್ತು. ನನ್ನ ಪತ್ರದಲ್ಲಿದ್ದ “20 ಸೆಕೆಂಡು” ಎಂಬ ಮಾತೂ ಇತ್ತು. ಯಾರೋ ಒಬ್ಬರು ಕೂತು ಓದಿದ್ದಾರೆ ಎನ್ನುವುದಕ್ಕೆ ನನಗೆ ಅದೇ ಸಾಕ್ಷಿ.

ಪತ್ರ ಓದುವುದು ಹೆಚ್ಚಾಗಿ ಪ್ರತಿನಿಧಿಯಲ್ಲ, ಅವರ ಸಿಬ್ಬಂದಿ. ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು ಎಂದು ಈಗ ಅನಿಸುತ್ತದೆ. ಅಮೆರಿಕದ ಕೆಳಮನೆಯ 435 ಸದಸ್ಯರಲ್ಲಿ ಒಬ್ಬೊಬ್ಬರ ಪಾಲಿಗೆ ಏಳು ಲಕ್ಷಕ್ಕಿಂತ ಜಾಸ್ತಿ ಜನ ಬರುತ್ತಾರೆ. ಎಲ್ಲವನ್ನೂ ಒಬ್ಬರೇ ಓದಲು ಆಗುವುದಿಲ್ಲ. ಅಲ್ಲಿ ಕಾಗದದ ಪತ್ರ ತಲುಪುವುದೂ ತಡ. 2001ರಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣು ತುಂಬಿದ ಲಕೋಟೆಗಳು ಬಂದ ಮೇಲೆ ಸಂಸತ್ತಿನ ಅಂಚೆಯನ್ನೆಲ್ಲ ತಪಾಸಣೆ ಮಾಡಿಯೇ ಒಳಗೆ ಬಿಡುತ್ತಾರೆ. ಅಂಥ ಕಡೆ ಇಮೇಲೇ ಮೇಲು. ಆದರೆ ಮಾತು ನಿಮ್ಮದೇ ಆಗಿರಬೇಕು.

ಇನ್ನು ಮುಖ ಕೊಟ್ಟು ಮಾತಾಡುವುದು. ಇದರಲ್ಲೂ ಎರಡು ಬಗೆ ಇದೆ. ಎರಡರ ನಡುವಿನ ವ್ಯತ್ಯಾಸವೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು.

ಸಾರ್ವಜನಿಕ ಸಭೆ ಎರಡು ಗಂಟೆಯದು. ಮೊದಲ ಮುಕ್ಕಾಲು ಗಂಟೆ ಭಾಷಣ. ಮೈಕ್ ನನ್ನ ಕೈಗೆ ಬಂದಾಗ ಒಂದು ನಿಮಿಷ ಸಿಕ್ಕಿತು. ಪ್ರತಿನಿಧಿ ನಗುತ್ತಾ “ನೋಡೋಣ, ಖಂಡಿತ ಮಾಡಿಸೋಣ” ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗಿಂತ ಮೊದಲು ಕೇಳಿದ ಒಂಬತ್ತು ಜನರಿಗೂ ಹೆಚ್ಚು ಕಡಿಮೆ ಅದೇ ಮಾತು ಸಿಕ್ಕಿತ್ತು. ಅಷ್ಟು ಜನರ ಎದುರು “ಆಗೋದಿಲ್ಲ” ಅನ್ನುವುದು ಯಾರಿಗೂ ಕಷ್ಟ. ಸಭೆಯಲ್ಲಿ ಮಾತು ಕೊಡುತ್ತಾರೆ, ಕಾರಣ ಕೊಡುವುದಿಲ್ಲ.

ಒಂದು ತಿಂಗಳ ನಂತರ ಅವರ ಭೇಟಿಯ ಹೊತ್ತಿನಲ್ಲಿ ಅಮ್ಮನನ್ನೂ ಕರೆದುಕೊಂಡು ಹೋದೆ. ಬ್ರಿಟನ್ನಿನ ಸಂಸದರು ಹೀಗೆ ಕ್ಷೇತ್ರದವರನ್ನು ಒಬ್ಬೊಬ್ಬರಾಗಿ ಕಾಣುವುದಕ್ಕೆ ‘ಸರ್ಜರಿ’ ಎನ್ನುತ್ತಾರೆ. ಅಲ್ಲಿ ಡಾಕ್ಟರು ರೋಗಿಗಳನ್ನು ನೋಡುವ ಹೊತ್ತಿಗೂ ಅದೇ ಹೆಸರು. ನಮಗೆ ಆರು ನಿಮಿಷ ಸಿಕ್ಕಿತು. ಪತ್ರ, ಕಡತದ ಸಂಖ್ಯೆ ಎರಡೂ ಕೈಯಲ್ಲಿತ್ತು. ಅವರು ಓದಿ, ಅಮ್ಮನ ಕಡೆ ತಿರುಗಿ ಹೇಳಿದರು: “ಅಮ್ಮಾ, 20 ಸೆಕೆಂಡು ನಾನು ಕೇಳೋದಿಲ್ಲ. ಅಡ್ಡ ರಸ್ತೆಯಲ್ಲಿ ಬಸ್ಸುಗಳು ನಿಂತುಬಿಡುತ್ತವೆ. ಆ ಬಸ್ಸಿನಲ್ಲೂ ನಿಮ್ಮಂಥವರೇ ಇರುತ್ತಾರೆ. ಹಗಲು ಹೊತ್ತಿನಲ್ಲಿ ನಾಲ್ಕು ಸೆಕೆಂಡು ಹೆಚ್ಚಿಸಿ, ಮಧ್ಯದಲ್ಲಿ ನಿಲ್ಲೋಕೆ ಒಂದು ಕಟ್ಟೆ ಮಾಡಿ ಅಂತ ಬರೆಯುತ್ತೇನೆ.” ನನಗೆ ಸಿಟ್ಟು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ “ಇಲ್ಲ” ಕೇಳಿದ್ದು.

ಹೊರಗೆ ಬಂದಮೇಲೆ ಅಮ್ಮ ಅಂದರು, “ಇಲ್ಲ ಅಂದರೂ ಯಾಕೆ ಅಂತ ಹೇಳಿದರಲ್ಲ.”

ಬ್ರಿಟನ್ನಿನ ಸಂಸದ ಎಡ್ಮಂಡ್ ಬರ್ಕ್ 1774ರಲ್ಲಿ ತಮ್ಮನ್ನು ಆರಿಸಿದ ಬ್ರಿಸ್ಟಲ್ ಊರಿನ ಮತದಾರರಿಗೆ ಹೇಳಿದ ಮಾತೂ ಇಂಥದೇ: ನೀವು ಹೇಳಿದಂತೆ ಕೈ ಎತ್ತಲು ಮಾತ್ರ ನಾನು ಹೋಗುವುದಿಲ್ಲ, ನನ್ನ ಸ್ವಂತ ಯೋಚನೆಯನ್ನೂ ನಿಮಗೆ ಕೊಡಬೇಕು. ಮಾತು ಸರಿ. ಆದರೆ ಅವರು ಆ ಊರಿಗೆ ಹೋಗಿದ್ದೇ ಅಪರೂಪ. 1780ರಲ್ಲಿ ಗೆಲ್ಲುವುದಿಲ್ಲ ಎಂದು ಕಂಡು ಅಲ್ಲಿನ ಕಣದಿಂದ ಹಿಂದೆ ಸರಿದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ನನಗೆ ಮಾತ್ರ ಈ ಕತೆಯಲ್ಲಿ ಕಾಣುವುದು ಒಂದೇ: ಸ್ವಂತ ಯೋಚನೆ ಮಾಡುವ ಪ್ರತಿನಿಧಿ ಎದುರು ಕೂತು ಅದನ್ನು ವಿವರಿಸಲೂ ಬೇಕು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು: ಮೊದಲು ಸ್ವಂತ ಮಾತಿನ ಒಂದು ಪುಟದ ಪತ್ರ, ಅದರ ಉತ್ತರ ಹಿಡಿದುಕೊಂಡು ಮುಖಾಮುಖಿ ಭೇಟಿ. ಬರೀ ಭೇಟಿಗೆ ಹೋದರೆ ಮಾತು ಗಾಳಿಗೆ ಹೋಗುತ್ತದೆ. ಬರೀ ಪತ್ರ ಬರೆದರೆ ಅಮ್ಮನ ಮುಖ ಅವರಿಗೆ ಕಾಣುವುದಿಲ್ಲ. ಸಹಿ ಹಾಕಿಸುವುದಾದರೆ ನಿಮ್ಮ ಕ್ಷೇತ್ರದ 30 ಮನೆಯವರಿಂದ ವಿಳಾಸದ ಜೊತೆ ಹಾಕಿಸಿ, ಸಾಕು. ಜಾಲತಾಣ ಕೊನೆಗಿರಲಿ, ಕೊಟ್ಟ ಮಾತನ್ನು ಎಲ್ಲರೆದುರು ನೆನಪಿಸಬೇಕಾದಾಗ.

ಮೊನ್ನೆ ಹೋಗಿ ದೀಪ ಅಳೆದೆ. 16 ಸೆಕೆಂಡು. ಕಟ್ಟೆ ಇನ್ನೂ ಬಂದಿಲ್ಲ. ಮುಂದಿನ ಭೇಟಿಗೆ ಹೆಸರು ಬರೆಸಿದ್ದೇನೆ. ಈ ಸಲ ಪತ್ರ ಬರೆಯುತ್ತಿರುವುದು ಅಮ್ಮ.